ಆಪ್ಷನ್ ಎಂಟ್ರಿಯನ್ನು ಸೈಬರ್ ಸೆಂಟರಿಗೆ ಬಿಡಬೇಡಿ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಗಾಗಿ ಮಕ್ಕಳು ಎರಡು ವರ್ಷ ಓದುತ್ತಾರೆ. ಆದರೆ ಬಂದ ರ‍್ಯಾಂಕಿಗೆ ಯಾವ ಕಾಲೇಜು, ಯಾವ ಬ್ರಾಂಚ್ ಎಂದು ತೀರ್ಮಾನಿಸುವ ಆಪ್ಷನ್ ಎಂಟ್ರಿಯನ್ನು ಬಹಳಷ್ಟು ಮಕ್ಕಳು ಸೈಬರ್ ಸೆಂಟರಿನಲ್ಲಿ, ಹಿಂದೆ ಜನ ಕಾಯುತ್ತಿರುವಾಗ, ಅಲ್ಲಿನವರು ಹೇಳಿದ ಪಟ್ಟಿಯಂತೆ ಮುಗಿಸಿ ಬರುತ್ತಾರೆ. ಪದವಿಪೂರ್ವ ಕಾಲೇಜುಗಳು ಶಾಲಾ ಶಿಕ್ಷಣ ಇಲಾಖೆಗೆ ಸೇರಿವೆ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಿಮ್ಮ ಇಲಾಖೆಯದು. ಪಿಯು ಫಲಿತಾಂಶದಿಂದ ಕಾಲೇಜು ದಾಖಲಾತಿಯವರೆಗಿನ ಆ ಅವಧಿಯಲ್ಲಿ ಮಕ್ಕಳು ಯಾರ ಹೊಣೆಯೂ ಅಲ್ಲದೆ ಉಳಿಯುತ್ತಾರೆ.

ದೊಡ್ಡ ನಷ್ಟ ಆಗುವುದು ಒಂದು ತಪ್ಪು ನಂಬಿಕೆಯಿಂದ. ಬೇಡಿಕೆಯ ಕಾಲೇಜನ್ನು ಮೊದಲು ಹಾಕಿದರೆ ಇದ್ದದ್ದೂ ಕೈತಪ್ಪುತ್ತದೆ ಎಂದು ಹೆದರಿ, ಖಚಿತವಾಗಿ ಸಿಗುವುದನ್ನೇ ಮೇಲೆ ಬರೆಯುತ್ತಾರೆ. ಸೀಟು ಹಂಚಿಕೆ ಹಾಗೆ ನಡೆಯುವುದೇ ಇಲ್ಲ. ಸರದಿ ಬರುವುದು ರ‍್ಯಾಂಕಿನ ಪ್ರಕಾರ. ತನ್ನ ಸರದಿಯಲ್ಲಿ ವಿದ್ಯಾರ್ಥಿಯ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ, ಅವರ ಅರ್ಹತೆಗೆ ಖಾಲಿ ಇರುವ ಮೊದಲ ಸೀಟನ್ನು ಕೊಡಲಾಗುತ್ತದೆ. ಸಿಗದ ಕಾಲೇಜು ಮೇಲಿದ್ದರೆ ಕೆಳಗಿನದಕ್ಕೆ ಏನೂ ಆಗದು. ಸುಲಭವಾಗಿ ಸಿಗುವುದನ್ನು ಮೊದಲು ಬರೆದರೆ ಮಾತ್ರ ಅದೇ ಗಂಟು ಬೀಳುತ್ತದೆ, ಅದಕ್ಕಿಂತ ಒಳ್ಳೆಯದು ಖಾಲಿ ಇದ್ದರೂ. ಹತ್ತು ಹನ್ನೆರಡು ಆಯ್ಕೆಗೆ ಪಟ್ಟಿ ನಿಲ್ಲಿಸುವುದೂ ಇಷ್ಟೇ ಅಪಾಯ. ಅಷ್ಟರಲ್ಲಿ ಯಾವುದೂ ಸಿಗದಿದ್ದರೆ ಆ ಸುತ್ತಿನಲ್ಲಿ ಸೀಟೇ ಇಲ್ಲ.

ಹಿಂದಿನ ವರ್ಷದ ಕಟಾಫ್, ಅಂದರೆ ಪ್ರತಿ ಸೀಟು ಕೊನೆಯದಾಗಿ ಯಾವ ರ‍್ಯಾಂಕಿಗೆ ಸಿಕ್ಕಿತು ಎಂಬ ಪಟ್ಟಿ, ಪ್ರಾಧಿಕಾರದ ಜಾಲತಾಣದಲ್ಲೇ ಇರುತ್ತದೆ. ಆದರೆ ಅದನ್ನು ಓದಲು ಕಲಿಸುವವರು ಬೇಕು. 2ಎಜಿ ಎಂದರೆ ಹಿಂದುಳಿದ ವರ್ಗಗಳ 2ಎ ಪ್ರವರ್ಗದ ಸಾಮಾನ್ಯ ಸೀಟು, 2ಎಆರ್ ಗ್ರಾಮೀಣ, 2ಎಕೆ ಕನ್ನಡ ಮಾಧ್ಯಮ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ 2ಎ ವಿದ್ಯಾರ್ಥಿನಿ ಜಿಎಂ (ಮೀಸಲಾತಿ ಇಲ್ಲದ ಸಾಮಾನ್ಯ ಸೀಟಿನ) ಕಾಲಂ ನೋಡಿ ‘ಇದು ನನಗೆ ಸಿಗಲ್ಲ’ ಎಂದು ಕೈಬಿಡುವ ಕಾಲೇಜು, 2ಎಆರ್ ಕಾಲಂನಲ್ಲಿ ಅವಳ ರ‍್ಯಾಂಕಿಗೆ ಸಿಗುವಂಥದ್ದಾಗಿರಬಹುದು. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಇರುವ ಮೀಸಲಾತಿಗೆ ಕಟಾಫ್ ಪಟ್ಟಿಯೇ ಬೇರೆ.

ಶುಲ್ಕವೂ ಹಾಗೆಯೇ. ಒಂದೇ ಖಾಸಗಿ ಕಾಲೇಜಿನಲ್ಲಿ ಅನುದಾನಿತ ಬ್ರಾಂಚಿಗೆ ಒಂದು ಶುಲ್ಕ, ಅನುದಾನರಹಿತಕ್ಕೆ ಇನ್ನೊಂದು. ಇದನ್ನು ನೋಡದೆ ಪಟ್ಟಿ ಮಾಡಿದವರಿಗೆ ಸೀಟು ಬಂದ ಮೇಲೆ ಹಣ ಹೊಂದಿಸಲಾಗುವುದಿಲ್ಲ.

ಸೀಟು ಬಂದ ಮೇಲೆ ನಾಲ್ಕು ಛಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕು. ಮೊದಲನೆಯದು, ಒಪ್ಪಿ ಕಾಲೇಜಿಗೆ ಸೇರುವುದು. ಎರಡನೆಯದು, ಈ ಸೀಟು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನ ಆಯ್ಕೆಗೆ ಕಾಯುವುದು. ಮೂರನೆಯದರಲ್ಲಿ ಸಿಕ್ಕ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪ್ರಕ್ರಿಯೆಯಿಂದಲೇ ಹೊರಬರುವುದು. ಎಡವುವುದು ಎರಡನೆಯದರಲ್ಲಿ. ಮೇಲಿನ ಆಯ್ಕೆ ಸಿಕ್ಕ ಕ್ಷಣ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ, ಮರಳಿ ಬೇಕೆಂದರೂ ಬರದು. ಆದ್ದರಿಂದ ಛಾಯ್ಸ್ ಎರಡು ಒತ್ತುವವರು, ಕೈಲಿರುವ ಸೀಟಿಗಿಂತ ನಿಜಕ್ಕೂ ಹೆಚ್ಚು ಬೇಕಾದವನ್ನು ಮಾತ್ರ ಮೇಲೆ ಉಳಿಸಿ, ಮಿಕ್ಕವನ್ನು ಮುಂದಿನ ಸುತ್ತಿಗೆ ಮೊದಲೇ ಅಳಿಸಬೇಕು. ಇಷ್ಟನ್ನು ಯಾರಾದರೂ ಕನ್ನಡದಲ್ಲಿ, ಸಮಾಧಾನದಿಂದ ಹೇಳಿದರೆ ಸಾಕು.

ಇನ್ನು ಪ್ರಮಾಣಪತ್ರ. 2ಎ, 2ಬಿ, 3ಎ, 3ಬಿ ಪ್ರವರ್ಗಗಳ ಜಾತಿ-ಆದಾಯ ಪತ್ರಕ್ಕೆ ಐದು ವರ್ಷದ ಅವಧಿ. ಏಳನೇ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆ ಮಾಡಿಸಿದ್ದು ಸಿಇಟಿ ಹೊತ್ತಿಗೆ ಮುಗಿದಿರುತ್ತದೆ. ಆ ಪತ್ರದ ಮೇಲಿನ ಆರ್‌ಡಿ ಸಂಖ್ಯೆ ಹಾಕಿದಾಗ ಬರುವ ಹೆಸರು ಅಂಕಪಟ್ಟಿಯ ಹೆಸರಿಗೆ ಹೊಂದದಿದ್ದರೆ ಮೀಸಲಾತಿ ಕೋರಿಕೆಯೇ ಸಿಕ್ಕಿಹಾಕಿಕೊಳ್ಳುತ್ತದೆ. 371ಜೆ ಪತ್ರ ಕೊಡುವುದು ಉಪವಿಭಾಗಾಧಿಕಾರಿ ಕಚೇರಿ; ಅರ್ಜಿಯ ಕೊನೆಯ ವಾರದಲ್ಲಿ ಓಡಿದರೆ ಆಗುವ ಕೆಲಸವಲ್ಲ.

ಲಾಗಿನ್ ಬೇರೆಯವರ ಕೈಯಲ್ಲಿರುವುದರ ಅಪಾಯ ವಿದ್ಯಾರ್ಥಿಗಳ ಲಾಗಿನ್ ಬಳಸಿ ಸೀಟು ಹಿಡಿದಿಟ್ಟು, ಸೇರದೆ ಖಾಲಿ ಬಿಡಿಸಿದ 2024ರ ಸೀಟ್ ಬ್ಲಾಕಿಂಗ್ ಪ್ರಕರಣದಲ್ಲಿ ನಿಮ್ಮ ಇಲಾಖೆಗೇ ತಿಳಿದಿದೆ. ಪಾಸ್‌ವರ್ಡ್ ಹಾಕಿಕೊಟ್ಟವರೇ ಅದನ್ನು ಬರೆದಿಟ್ಟುಕೊಳ್ಳುವ ಸ್ಥಿತಿಯಲ್ಲಿ ಮಕ್ಕಳನ್ನು ಎಚ್ಚರಿಸಿ ಪ್ರಯೋಜನವಿಲ್ಲ. ಅವರಿಗೆ ಕೂರಲು ಬೇರೆ ಜಾಗ ಬೇಕು.

ಆ ಜಾಗ ಸರ್ಕಾರಿ ಪಿಯು ಕಾಲೇಜೇ ಆಗಲಿ. ಪ್ರತಿ ಕಾಲೇಜಿನಲ್ಲಿ ಇಬ್ಬರು ಉಪನ್ಯಾಸಕರಿಗೆ ಪ್ರಾಧಿಕಾರದಿಂದ ತರಬೇತಿ ಕೊಡಿಸಿ, ಆಪ್ಷನ್ ಎಂಟ್ರಿ ನಡೆಯುವ ದಿನಗಳಲ್ಲಿ ಅವರನ್ನು ಬೇರೆ ಕೆಲಸಕ್ಕೆ ಹಾಕಬೇಡಿ. ಆಯ್ಕೆ ಬರೆಯುವ ಪರದೆಯಲ್ಲೇ ಆ ಬ್ರಾಂಚಿನ ಶುಲ್ಕವನ್ನೂ, ವಿದ್ಯಾರ್ಥಿಯ ಪ್ರವರ್ಗಕ್ಕೆ ಹೊಂದುವ ಹಿಂದಿನ ವರ್ಷದ ಕಟಾಫನ್ನೂ ಕನ್ನಡದಲ್ಲಿ ತೋರಿಸಿ. ಛಾಯ್ಸ್ ಎರಡು, ಮೂರು ಒತ್ತಿದಾಗ ಏನು ಕಳೆದುಕೊಳ್ಳಬಹುದು ಎಂಬುದನ್ನು ಅಲ್ಲೇ ಬರೆದು, ಮತ್ತೊಮ್ಮೆ ಒಪ್ಪಿಗೆ ಕೇಳಿ. ದ್ವಿತೀಯ ಪಿಯು ಮಕ್ಕಳ ಪ್ರಮಾಣಪತ್ರಗಳ ತಪಾಸಣೆ ನವೆಂಬರಿನಲ್ಲೇ ಕಾಲೇಜಿನಲ್ಲಿ ನಡೆಯಲಿ. ಇದಕ್ಕೆ ಶಾಲಾ ಶಿಕ್ಷಣ ಸಚಿವರ ಒಪ್ಪಿಗೆಯೂ ಬೇಕು. ದಯವಿಟ್ಟು ಮುಂದಿನ ಸಿಇಟಿ ಅಧಿಸೂಚನೆಗೆ ಮುಂಚೆ ಅವರೊಂದಿಗೆ ಕುಳಿತು, ಎರಡೂ ಇಲಾಖೆಗಳ ಜಂಟಿ ಸುತ್ತೋಲೆ ಹೊರಡಿಸಿ.

ಇಂತಿ,
ಪದವಿಪೂರ್ವ ಕಾಲೇಜುಗಳ ಕೆಲವು ಉಪನ್ಯಾಸಕರು