ಲೋಣಾರ್ ಪ್ರವಾಸದ ಬಗ್ಗೆ ದೂರು

ವ್ಯವಸ್ಥಾಪಕರಿಗೆ,

ನಾಲ್ಕು ಸಲ ಫೋನ್ ಮಾಡಿದೆ, ಎರಡು ಸಲ ಆಫೀಸಿಗೂ ಬಂದೆ. "ಸಾರ್ ಊರಲ್ಲಿಲ್ಲ" ಅನ್ನೋದು ಬಿಟ್ಟರೆ ಬೇರೆ ಉತ್ತರ ಸಿಗಲಿಲ್ಲ. ಅದಕ್ಕೇ ಈ ಪತ್ರ.

ದಾವಣಗೆರೆಯಿಂದ ಮಹಾರಾಷ್ಟ್ರದ ಎಲ್ಲೋರಾ, ಅಜಂತಾ, ಲೋಣಾರ್‌ಗೆ ಹೋದ ನಿಮ್ಮ ಬಸ್ಸಲ್ಲಿ ನಮ್ಮದು ನಾಲ್ಕು ಸೀಟು. ಲೋಣಾರ್‌ನಲ್ಲಿ ಅರ್ಧ ದಿನ, ಗೈಡ್ ಜೊತೆ ಕೆರೆ ದಂಡೆವರೆಗೆ ಇಳಿಯುವುದು, ದೈತ್ಯಸೂದನ ದೇವಸ್ಥಾನ. ಇದು ನಿಮ್ಮದೇ ಕರಪತ್ರದಲ್ಲಿ ಇರುವ ಮಾತು.

ಅಪ್ಪ ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಉಲ್ಕೆ ಬಡಿದು ಬಸಾಲ್ಟ್ ಬಂಡೆಯಲ್ಲಿ ಸುಮಾರು 1.8 ಕಿ.ಮೀ. ಅಗಲದ ಕುಳಿಯಾದ ಜಾಗ ಲೋಣಾರ್. ಆ ಕುಳಿಯೊಳಗಿನ ಕೆರೆಯ ನೀರು ಉಪ್ಪು, ಜೊತೆಗೆ ಕ್ಷಾರ. 2020ರ ಜೂನ್‌ನಲ್ಲಿ ಕೆರೆ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡವರು ಅಪ್ಪ. ಮೊಮ್ಮಗಳಿಗೆ ತೋರಿಸಬೇಕು ಅಂತ ಕೆಂಪು ಲಿಟ್ಮಸ್ ಕಾಗದವನ್ನು ಸಣ್ಣ ಡಬ್ಬಿಯಲ್ಲಿ ತಂದಿದ್ದರು. ಕ್ಷಾರವಿರುವ ಆ ನೀರಿಗೆ ಅದ್ದಿದರೆ ಅದು ನೀಲಿಯಾಗುತ್ತದೆ.

ನೀವು ಸೀರೆ ಅಂಗಡಿ ಮುಂದೆ ಎರಡೂವರೆ ಗಂಟೆ ಬಸ್ ನಿಲ್ಲಿಸಿದಿರಿ. ಲೋಣಾರ್ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಕುಳಿಯ ಮೇಲಿನ ಅಂಚಲ್ಲೇ ಇಳಿಸಿ, "ಇಪ್ಪತ್ತು ನಿಮಿಷ, ಫೋಟೋ ತೊಗೊಳ್ಳಿ" ಅಂದ ನಿಮ್ಮ ಟೂರ್ ಮ್ಯಾನೇಜರ್.

ಅಪ್ಪ ಕರಪತ್ರ ಹಿಡಿದು ಮೆಲ್ಲಗೆ ಕೇಳಿದರು, "ಕೆಳಗೆ ಇಳಿಸ್ತೀವಿ ಅಂತ ಇದೆಯಲ್ಲಪ್ಪ?"

ಆತ ಅದನ್ನು ನೋಡಲೂ ಇಲ್ಲ. ಕಡಲೆಬೀಜ ಬಾಯಿಗೆ ಹಾಕಿಕೊಳ್ಳುತ್ತಾ, "ಒಂದು ಗುಂಡಿ ನೋಡೋಕೆ ಎಷ್ಟು ಹೊತ್ತು ಬೇಕು ಮೇಷ್ಟ್ರೇ?" ಅಂದ.

"ನೀರು ಮುಟ್ಟಿ ನೋಡಬೇಕಿತ್ತು."

"ನಮ್ಮ ಸೂಳೆಕೆರೆಲಿ ಇಲ್ವಾ ನೀರು?"

ಸುತ್ತ ನಿಂತವರು ನಕ್ಕರು. ಅಷ್ಟಕ್ಕೇ ಬಿಡಲಿಲ್ಲ. ಬಸ್ಸಿನ ಬಾಗಿಲು ತಟ್ಟಿ, "ಅಜ್ಜಾರಿಗೆ ಒಂದು ಬಾಟ್ಲಿ ನೀರು ಕೊಡ್ರಪ್ಪ, ನೀರಡಿಕೆ ಆಗೈತಂತೆ" ಅಂತ ಕೂಗಿದ. ಮತ್ತೆ ನಗು. ಅಪ್ಪ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಬಸ್ ಹತ್ತಿದರು. ರಾತ್ರಿ ಊಟ ಮಾಡಲಿಲ್ಲ.

ನಿಮಗೆ ಅದು ಬರೀ ಗುಂಡಿಯಾದರೆ, ಕರಪತ್ರದ ಮುಖಕ್ಕೆ ಅದರದ್ದೇ ಫೋಟೋ ಯಾಕೆ ಹಾಕಿದಿರಿ?

ಮೊನ್ನೆ ನಿಮ್ಮ ಹುಡುಗಿ ಮುಂದಿನ ಟೂರಿಗೆ 500 ರೂಪಾಯಿ ಕಡಿಮೆ ಮಾಡ್ತೀವಿ ಅಂದಳು. ಬೇಡ. ಆ ಟೂರ್ ಮ್ಯಾನೇಜರ್ ನಮ್ಮ ಮನೆಗೆ ಬಂದು ಅಪ್ಪನ ಕ್ಷಮೆ ಕೇಳಬೇಕು. ನಾಲ್ಕೂ ಜನರ ಲೋಣಾರ್ ದಿನದ ಹಣ ವಾಪಸ್ ಬರಬೇಕು. 15 ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನೇ ಹೋಗಿ ದೂರು ಕೊಡಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಕರಪತ್ರ, ರಸೀದಿ, ಸಮಯ ಬಿದ್ದಿರುವ ಫೋಟೋಗಳು ಎಲ್ಲ ಫೈಲಲ್ಲಿವೆ. ಬಸ್ಸಲ್ಲಿದ್ದ ಏಳು ಜನ ಸಾಕ್ಷಿ ಹೇಳಲು ಒಪ್ಪಿದ್ದಾರೆ. ಅವತ್ತು ನಕ್ಕವರೂ ಅದರಲ್ಲಿದ್ದಾರೆ.