ಚರ್ಚ್ ಹಾಲ್‌ಗೆ ಕೀಲಿ, ನಮಗೆ ಬುದ್ಧಿವಾದ

ಮಾನ್ಯ ಸಂಪಾದಕರೇ,

ಭಾನುವಾರ ಮನೋರೋಗ ಇರುವವರು ಕೂತು ಮಾತಾಡುವ ಚರ್ಚ್ ಹಾಲ್‌ಗೆ ಕೀಲಿ ಹಾಕಿಸಿದ ಸುದ್ದಿ ಸೋಮವಾರ ನಿಮ್ಮಲ್ಲಿ ಓದಿದೆ. ‘ಪ್ರಾರ್ಥನೆಯಿಂದ ಮನೋರೋಗ ಚಿಕಿತ್ಸೆ: ಸಭೆಗೆ ತಡೆ’ ಅಂತ ತಲೆಬರಹ. ಚಿಕಿತ್ಸೆ ಯಾರು ಕೊಟ್ಟರು ಸ್ವಾಮಿ? ಕೀಲಿ ಹಾಕಿದ ಆ ಬಾಗಿಲ ಮುಂದೆ ಒಂದೂವರೆ ತಾಸು ನಿಂತವರಲ್ಲಿ ನಾನೂ ಒಬ್ಬ. ನಿಮ್ಮವರು ನನ್ನನ್ನು ಕೇಳಲೇ ಇಲ್ಲ.

ಧಾರವಾಡದಿಂದ ತಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೆ ಬೈಪೋಲಾರ್ ಕಾಯಿಲೆ, ಮನಸ್ಸು ಕೆಲವು ಕಾಲ ವಿಪರೀತ ಉಬ್ಬುತ್ತದೆ, ಕೆಲವು ಕಾಲ ಪೂರ್ತಿ ಕುಗ್ಗುತ್ತದೆ. ಮಂದಿ ಜಾಸ್ತಿ ಇದ್ದರೆ ಬಸ್ಸು ಹತ್ತುವುದಿಲ್ಲ. ಜುಬಿಲಿ ಸರ್ಕಲ್‌ನಲ್ಲಿ ಮೂರು ಬಸ್ಸು ಬಿಟ್ಟು ನಾಲ್ಕನೆಯದು ಹತ್ತಿದೆವು. ಹುಬ್ಬಳ್ಳಿಯ ಹೊಸೂರಿನಲ್ಲಿ ಇಳಿದರೆ ಆಟೋದವನು ನೂರು ರೂಪಾಯಿ ಅಂದ. ಅಷ್ಟೆಲ್ಲ ಮಾಡಿ ಹೋದರೆ ಕೀಲಿ! ಹಿಂದಿನ ಸಂಜೆ ಯಾರೋ ಅಧಿಕಾರಿ ಬಂದು ‘ಪರವಾನಗಿ ಇಲ್ಲದೆ ಇಂಥವರನ್ನು ಸೇರಿಸಬೇಡಿ’ ಅಂದರಂತೆ. ಕಾಗದ ಇಲ್ಲ, ಬರೀ ಬಾಯಿಮಾತು. ಯಾವ ಪರವಾನಗಿ ಅಂತ ಅವರಿಗೂ ಗೊತ್ತಿಲ್ಲ. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು.

ಒಳಗೆ ನಡೆಯುವುದು ಇಷ್ಟೇ. ಪೂಜೆ ಮುಗಿದ ಮೇಲೆ ಹತ್ತು ಹನ್ನೆರಡು ಮಂದಿ ಕುರ್ಚಿ ದುಂಡಗೆ ಹಾಕಿ ಕೂರುತ್ತಾರೆ. ಎಲ್ಲರೂ ಗುಳಿಗೆ ನುಂಗುವವರೇ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಫಾದರ್ ಕೂಡ ಹಿಂದೆ ಸುಮ್ನೆ ಕೂರಬೇಕು, ಅವರಿಗೆ ಅದು ಕಷ್ಟ ಪಾಪ. ಗೋಡೆಯ ಮೇಲೆ ಮನೋರೋಗಿಗಳ ಪಾಲಕಿ ಸಂತ ಡಿಂಫ್ನಾ ಅವರ ಪಟ. ಆಕೆಯ ನೆನಪಿರುವ ಬೆಲ್ಜಿಯಂನ ಗೀಲ್ ಊರಿನ ಮಂದಿ ನೂರಾರು ವರ್ಷಗಳಿಂದ ಇಂಥವರನ್ನು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಹಾಲಿನ ಹೊರಗೆ ನಿಲ್ಲಿಸುತ್ತಾರೆ.

ಹೋದ ವರ್ಷ ತಮ್ಮ ನವೇನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಹಿಡಿದು ಗುಳಿಗೆ ಬಿಟ್ಟಿದ್ದ. ಡಾಕ್ಟರ್ ಹೇಳಿದರೂ ಕೇಳಲಿಲ್ಲ, ನನ್ನ ಮಾತಂತೂ ಬಿಡಿ. ಅಲ್ಲಿಗೆ ಬರುವ ಅಕ್ಕ ಒಬ್ಬರು ಚೀಲದಿಂದ ಏಳು ಖಾನೆಯ ಗುಳಿಗೆ ಡಬ್ಬಿ ತೆಗೆದರು. ಅದಕ್ಕೆ ಜಪಸರ ಸುತ್ತಿಕೊಂಡಿತ್ತು. ‘ಎರಡೂ ಒಂದ ಚೀಲದಾಗ ಹಿಡಸ್ತಾವ ತಮ್ಮಾ’ ಅಂದರು. ಅವತ್ತು ರಾತ್ರಿ ಅವನೇ ಗುಳಿಗೆಗೆ ನೀರು ಕೇಳಿದ. ಇದೇನಾ ನಿಮ್ಮ ಪ್ರಾರ್ಥನೆಯ ಚಿಕಿತ್ಸೆ?

ಅಧಿಕಾರಿಗೆ ಫೋನ್ ಮಾಡಿದರೆ ‘14416 ಇದೆಯಲ್ಲ, ಟೆಲಿ-ಮನಸ್, ಅಲ್ಲಿ ಮಾತಾಡಿ’ ಎಂದರು. ಸರ್ಕಾರದ ಆ ಮಾನಸಿಕ ಆರೋಗ್ಯ ಸಹಾಯವಾಣಿ ಒಳ್ಳೆಯದೇ, ನಡುರಾತ್ರಿಯೂ ಎತ್ತುತ್ತಾರೆ. ಆದರೆ ಫೋನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತದೆಯೇ? 2017ರ ಮಾನಸಿಕ ಆರೋಗ್ಯ ಕಾಯ್ದೆ ಇವರಿಗೂ ಎಲ್ಲರ ನಡುವೆ ಬದುಕುವ ಹಕ್ಕು ಕೊಟ್ಟಿದೆ. ಹಾಲಿನ ಕೀಲಿಕೈ ವಿಷಯ ಬರೆಯಲು ಮರೆತರೇನೋ!

ಇದು ಇವತ್ತಿನ ಕಥೆಯಲ್ಲ. ತಮ್ಮನ ಅಂಗವಿಕಲರ ಕಾರ್ಡಿಗೆ ಐದು ಸಲ ಅಲೆದೆ. ಯಾವ ಕಚೇರಿ ಅಂತ ಹೇಳುವುದಿಲ್ಲ, ಹೇಳಿದರೆ ಇರುವ ಫೈಲೂ ಕಳೆಯುತ್ತದೆ. ‘ಕೈಕಾಲು ನೆಟ್ಟಗಿವೆಯಲ್ಲ’ ಅಂದರು. 2016ರ ಅಂಗವಿಕಲರ ಕಾಯ್ದೆಯಲ್ಲಿ ಮನೋರೋಗವೂ ಸೇರಿದೆ ಅಂದಿದ್ದಕ್ಕೆ ಹುಚ್ಚನನ್ನು ನೋಡುವಂತೆ ನನ್ನನ್ನೇ ನೋಡಿದರು. ನಮ್ಮ ಓಣಿ ಅಗೆದು ಹೋದವರು ಇನ್ನೂ ಬಂದಿಲ್ಲ. ನಳಕ್ಕೆ ನೀರು ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಹಬ್ಬದ ಹಾಗೆ ಗುರುತು ಹಾಕುತ್ತೇವೆ. ಅದಕ್ಕೆಲ್ಲ ಪುರುಸೊತ್ತಿಲ್ಲ, ಹನ್ನೆರಡು ಕುರ್ಚಿ ಎಣಿಸಲು ಮಾತ್ರ ಶನಿವಾರ ಸಂಜೆಯೂ ಪುರುಸೊತ್ತು.

ಹಾಲ್ ತೆರೆಸಿ, ಇಲ್ಲವೇ ಯಾವ ಪರವಾನಗಿ ಅಂತ ಬರೆದುಕೊಡಿ. ಅದೂ ಬೇಡ, ಆ ಅಧಿಕಾರಿ ಒಂದು ಭಾನುವಾರ ಬಂದು ಕೂತು ಹೋಗಲಿ, ಬಾಯಿ ಮುಚ್ಚಿಕೊಂಡು. ಬರುವಾಗ ನಮ್ಮ ಓಣಿಯ ಗುಂಡಿಯನ್ನೂ ನೋಡಲಿ. ನೀವೂ ಅಷ್ಟೇ, ಇನ್ನೊಮ್ಮೆ ತಲೆಬರಹ ಕೊಡುವ ಮುಂಚೆ ಅಲ್ಲಿ ನಿಂತವರನ್ನು ಒಂದು ಮಾತು ಕೇಳಿ.

ಹೆಸರು ಹಾಕಬೇಡಿ, ತಮ್ಮ ಬೈಯುತ್ತಾನೆ.

– ಓದುಗ, ಧಾರವಾಡ