ಗೆಳೆಯನಿಗೊಂದು ಪತ್ರ: ಅವತ್ತು ಕೊಡದ ಉತ್ತರ

ಪ್ರೀತಿಯ ಗೆಳೆಯಾ,

ಹೆಂಡತಿಗೆ ಬೇರೊಬ್ಬನ ಜೊತೆ ಸಂಬಂಧ ಇದೆ ಅಂತ ಗೊತ್ತಾಗಿ, ಗಾಂಧಿ ಬಜಾರಿನಲ್ಲಿ ಅವತ್ತು ನೀನು ಕಾಫಿ ಲೋಟ ಕುಕ್ಕಿಟ್ಟು, "ಅವಳಿಗೆ ಒಂದು ದಿನವಾದರೂ ಜೈಲಾಗಬೇಕು ಕಣೋ. ಕಾನೂನು ಗಂಡಿಗೂ ಹೆಣ್ಣಿಗೂ ಒಂದೇ ಆಗಬಾರದಾ?" ಅಂದೆ. ಪಕ್ಕದಲ್ಲಿ ನಿಂತು ಇಡ್ಲಿ ತಿನ್ನುತ್ತಿದ್ದವರು ತಿರುಗಿ ನೋಡಿದರು. ನಾನು ಸುಮ್ಮನಿದ್ದೆ. ಹದಿನಾರು ವರ್ಷದಿಂದ ಕರಿಕೋಟು ಹಾಕಿಕೊಂಡು ಓಡಾಡುವವನು, ಆದರೂ ಕಣ್ಣು ಕೆಂಪಗಾಗಿ ಕೂತ ಗೆಳೆಯನ ಮುಂದೆ ಸೆಕ್ಷನ್ ಮಾತಾಡುವುದು ಸರಿ ಕಾಣಲಿಲ್ಲ. ಮೊನ್ನೆ ನೀನೇ ಫೋನ್ ಮಾಡಿ, "ಬರಿ, ಎಲ್ಲರೂ ಓದುವ ಹಾಗೆ ಬರಿ, ನನ್ನಂಥವರು ಬೇಕಾದಷ್ಟು ಜನ ಇದ್ದಾರೆ" ಅಂದೆಯಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು, ಗುರುತು ಯಾವುದನ್ನೂ ಬರೆದಿಲ್ಲ.

ಮೊದಲು ನಿನ್ನ ವಿಷಯ. ಹಳೇ ಭಾರತೀಯ ದಂಡ ಸಂಹಿತೆಯ 497ನೇ ಸೆಕ್ಷನ್ ಹೆಂಗಸರ ಪರ ಇತ್ತು ಅಂತ ನೀನು ನಂಬಿದ್ದೀಯ. ಮದುವೆಯಾದ ಹೆಂಗಸಿನ ಜೊತೆ ಸಂಬಂಧ ಇಟ್ಟುಕೊಂಡ ಗಂಡಸಿಗೆ ಐದು ವರ್ಷದವರೆಗೆ ಸಜೆ, ಅವಳಿಗೆ ಏನೂ ಇಲ್ಲ ಅನ್ನುವುದನ್ನು ಕೇಳಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಪೂರ್ತಿ ಓದಿ ನೋಡು. ಗಂಡನ ಒಪ್ಪಿಗೆ ಇದ್ದರೆ ಅದು ಅಪರಾಧವೇ ಅಲ್ಲ. ವಿಧವೆಯ ಜೊತೆ, ಮದುವೆಯಾಗದವಳ ಜೊತೆ ಸಂಬಂಧ ಇದ್ದರೆ ಅದೂ ಅಪರಾಧವಲ್ಲ. ಇನ್ನು, ಗಂಡ ಬೇರೆಯವಳ ಹಿಂದೆ ಹೋದರೆ ಹೆಂಡತಿ ದೂರು ಕೊಡುವ ಹಾಗೇ ಇರಲಿಲ್ಲ. ಬೇರೆಯವನ ಕೊಟ್ಟಿಗೆಯಿಂದ ಹಸು ಬಿಚ್ಚಿಕೊಂಡು ಹೋದವನಿಗೆ ದಂಡ ಹಾಕಿದ ಹಾಗೆ. ಹಸುವಿಗೆ ಯಾರೂ ದಂಡ ಹಾಕುವುದಿಲ್ಲ, ಹಸುವನ್ನು ಯಾರೂ ಏನೂ ಕೇಳುವುದೂ ಇಲ್ಲ. 1860ರಲ್ಲಿ ಬರೆದ ಆ ಸಾಲುಗಳಿಗೆ ಹೆಣ್ಣು ಅಂದರೆ ಗಂಡನ ಸ್ವತ್ತು, ಅಷ್ಟೇ.

ಅದನ್ನು ಸುಪ್ರೀಂ ಕೋರ್ಟ್ 1954ರಲ್ಲೂ ಎತ್ತಿಹಿಡಿಯಿತು, 1985ರಲ್ಲೂ ಎತ್ತಿಹಿಡಿಯಿತು. ಕೊನೆಗೆ 2018ರ ಸೆಪ್ಟೆಂಬರ್ 27ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೆಗೆದುಹಾಕಿತು. 1985ರ ತೀರ್ಪು ಬರೆದವರು ವೈ.ವಿ. ಚಂದ್ರಚೂಡ್. 2018ರ ಪೀಠದಲ್ಲಿ ಕೂತಿದ್ದವರಲ್ಲಿ ಒಬ್ಬರು ಅವರ ಮಗ ಡಿ.ವೈ. ಚಂದ್ರಚೂಡ್. ಅಪ್ಪ ಸರಿ ಅಂದದ್ದನ್ನು ಮಗ ತಪ್ಪು ಅಂದರು.

ನೀನು ಕೇಳಿದ್ದು ಹೊಸದೇನಲ್ಲ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಅದನ್ನೇ ಹೇಳಿತ್ತು: ಯಾರೇ ಆಗಲಿ, ಇನ್ನೊಬ್ಬರ ಗಂಡ ಅಥವಾ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡರೆ ಅಪರಾಧ ಅಂತ ಮಾಡಿ ಎಂದು. 2023ರಲ್ಲಿ, ಹಳೇ ದಂಡ ಸಂಹಿತೆಯ ಜಾಗಕ್ಕೆ ಬರಲಿದ್ದ ಭಾರತೀಯ ನ್ಯಾಯ ಸಂಹಿತೆಯ ಕರಡು ನೋಡಿದ ಸಂಸದೀಯ ಸಮಿತಿಯೂ ವ್ಯಭಿಚಾರದ ಅಪರಾಧವನ್ನು ಲಿಂಗ ತಟಸ್ಥವಾಗಿ, ಅಂದರೆ ಗಂಡು ಹೆಣ್ಣು ಅನ್ನುವ ಭೇದವಿಲ್ಲದೆ, ವಾಪಸ್ ತನ್ನಿ ಅಂದಿತು. ಸರ್ಕಾರ ತರಲಿಲ್ಲ. ಮಳಿಮಠ ಅವರ ಬಗ್ಗೆ ನನಗೆ ಗೌರವ ಇದೆ, ಆದರೂ ತರದೇ ಇದ್ದದ್ದು ಒಳ್ಳೆಯದಾಯಿತು ಅಂತಲೇ ನಾನು ಹೇಳುವವನು. ಯಾಕೆ ಗೊತ್ತಾ? ಗಂಡ ಹೊಡೆಯುತ್ತಾನೆ ಅಂತ ದೂರು ಕೊಟ್ಟ ಹೆಂಗಸಿನ ಮೇಲೆ ಮರುದಿನವೇ ವ್ಯಭಿಚಾರದ ಕೇಸು ಬೀಳುತ್ತದೆ. ಆಫೀಸಿನ ಸಹೋದ್ಯೋಗಿಯನ್ನು ಠಾಣೆಗೆ ಕರೆಸುತ್ತಾರೆ, ಫೋನಿನ ದಾಖಲೆ ತೆಗೆಸುತ್ತಾರೆ, ಲಾಡ್ಜಿನ ರಿಜಿಸ್ಟರ್ ಹುಡುಕುತ್ತಾರೆ. ಇಷ್ಟು ವರ್ಷದಲ್ಲಿ ಗಂಡ ಹೆಂಡಿರ ಜಗಳದಲ್ಲಿ ಯಾವ ಕಾಗದ ಯಾವುದಕ್ಕೆ ಬಳಕೆಯಾಗುತ್ತದೆ ಅಂತ ನೋಡಿ ನೋಡಿ ಹೇಳುತ್ತಿದ್ದೇನೆ.

ಅವಳನ್ನು ಜೈಲಿಗೆ ಕಳಿಸಿದೆ ಅಂತಲೇ ಇಟ್ಟುಕೋ. ವಾರಕ್ಕೊಮ್ಮೆ ನಿನ್ನ ಮಗಳನ್ನು ಕರೆದುಕೊಂಡು ಪರಪ್ಪನ ಅಗ್ರಹಾರಕ್ಕೆ ಹೋಗಿ ಅಮ್ಮನನ್ನು ತೋರಿಸಿಕೊಂಡು ಬರುವವನು ನೀನೇ.

ನಿನಗೆ ಆದದ್ದು ಮೋಸ. ಅದನ್ನು ಕಾನೂನು ಕಾಣುವುದಿಲ್ಲ ಅಂತಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ವಿಚ್ಛೇದನಕ್ಕೆ ಕಾರಣ, ಅಲ್ಲಿ ಗಂಡನಿಗೂ ಹೆಂಡತಿಗೂ ಒಂದೇ ಮಾತು. ಅನೈತಿಕ ಸಂಬಂಧದಲ್ಲೇ ಬದುಕುತ್ತಿರುವ ಹೆಂಡತಿಗೆ ಜೀವನಾಂಶದ ಹಕ್ಕಿಲ್ಲ ಅಂತಲೂ ಇದೆ. ಮುರಿದ ಮದುವೆಯನ್ನು ಅಲ್ಲಿ ಬಿಡಿಸಿಕೊಳ್ಳೋಣ. ಅದಕ್ಕೆ ಪೊಲೀಸರು ಬೇಡ, ಅವಳಿಗೂ ಬೇಡ, ಆ ಗಂಡಸಿಗೂ ಬೇಡ. ನಿಜ ಹೇಳಬೇಕೆಂದರೆ ಹಳೇ ಬುದ್ಧಿ ಇನ್ನೂ ಪೂರ್ತಿ ಹೋಗಿಲ್ಲ. ಹೊಸ ಭಾರತೀಯ ನ್ಯಾಯ ಸಂಹಿತೆಯ 84ನೇ ಸೆಕ್ಷನ್ನಿನಲ್ಲಿ ಇನ್ನೊಬ್ಬನ ಹೆಂಡತಿಯನ್ನು ಪುಸಲಾಯಿಸಿ ಕರೆದೊಯ್ಯುವುದು ಈಗಲೂ ಅಪರಾಧ, ಎರಡು ವರ್ಷದವರೆಗೆ ಸಜೆ. ಇನ್ನೊಬ್ಬಳ ಗಂಡನ ಬಗ್ಗೆ ಅಂಥ ಸೆಕ್ಷನ್ ಇಲ್ಲ. ಅದನ್ನು ಇಬ್ಬರಿಗೂ ಹಚ್ಚುವುದಕ್ಕಿಂತ ಕಿತ್ತುಹಾಕಬೇಕು.

ಕಾನೂನು ಎಲ್ಲರಿಗೂ ಒಂದೇ ಆಗಲೇಬೇಕಾದ ಜಾಗ ಬೇರೆ ಇದೆ ಗೆಳೆಯಾ. ಅವತ್ತು ನಿನಗೆ ಹೇಳಬೇಕು ಅಂತ ಗಂಟಲವರೆಗೆ ಬಂದಿದ್ದು ಅದು.

ಹೊಸ ಸಂಹಿತೆ ಜಾರಿಗೆ ಬಂದು ಕೆಲವು ತಿಂಗಳಾಗಿತ್ತು. ಒಂದು ಸಂಜೆ ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಅಣ್ಣನ ಜೊತೆ ನನ್ನ ಆಫೀಸಿಗೆ ಬಂದ. ರಾಯಚೂರಿನ ಕಡೆಯವನು. ಕೆಲಸ ಮಾಡುವ ಜಾಗದಲ್ಲೇ ಮೇಲಿನ ರೂಮಿನಲ್ಲಿ ಮಲಗುತ್ತಿದ್ದ. ಕುರ್ಚಿಯ ತುದಿಯಲ್ಲಿ ಕೂತು ಬ್ಯಾಗನ್ನು ತೊಡೆಯ ಮೇಲೆ ಅವುಚಿಕೊಂಡಿದ್ದ. ಅರ್ಧ ಗಂಟೆ ಅಣ್ಣನೇ ಮಾತಾಡಿದ: ಸಂಬಳ ಬಾಕಿ, ಹೊಡೆದಿದ್ದಾರೆ, ಹಾಗೆ ಹೀಗೆ. ಆಮೇಲೆ ಏನು ಹೊಳೆಯಿತೋ, "ಚಾ ಕುಡದ್ ಬರ್ತೀನ್ರೀ" ಅಂತ ಎದ್ದು ಹೋದ. ಬಾಗಿಲು ಮುಚ್ಚಿದ ಮೇಲೆ ಹುಡುಗ ನೆಲ ನೋಡುತ್ತಾ, "ಆತ ನನ್ ಜೋಡಿ ಕೆಟ್ಟದಾಗಿ ನಡಕೊಂಡಾನ್ರೀ ಸರ" ಅಂದ. ಬ್ಯಾಗಿನ ಜಿಪ್ಪನ್ನು ಎಳೆಯುವುದು, ಮುಚ್ಚುವುದು, ಎಳೆಯುವುದು, ಮುಚ್ಚುವುದು. ರೂಮಿನ ಚಿಲಕ ಹಾಕಿ ಒಬ್ಬ ದೊಡ್ಡ ಗಂಡಸು ಅವನಿಗೆ ಏನು ಮಾಡಿದ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಇರುವ ಹೆಸರು ಒಂದೇ.

ದೂರು ಟೈಪ್ ಮಾಡಲು ಕೂತೆ. ಸೆಕ್ಷನ್ ಹಾಕುವ ಜಾಗಕ್ಕೆ ಬಂದಾಗ ಕೈ ನಿಂತಿತು. ಹೊಸ ಸಂಹಿತೆಯ 63ನೇ ಸೆಕ್ಷನ್ ಪ್ರಕಾರ ಅತ್ಯಾಚಾರ ಅಂದರೆ ಗಂಡಸು ಹೆಂಗಸಿನ ಮೇಲೆ ಮಾಡುವುದು. ಹಿಂದೆ, ಹಳೇ ದಂಡ ಸಂಹಿತೆಯಲ್ಲಿ, "ಪ್ರಕೃತಿಗೆ ವಿರುದ್ಧವಾದ" ಸಂಭೋಗಕ್ಕೆ ಸಜೆ ಹೇಳುವ 377ನೇ ಸೆಕ್ಷನ್ ಇತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆಯ ಸಂಬಂಧವನ್ನು ಅದರಿಂದ ಬಿಡಿಸಿತು, ಬಿಡಿಸಬೇಕಾಗಿದ್ದೇ. ಒಪ್ಪಿಗೆ ಇಲ್ಲದೆ ಮಾಡಿದ್ದು ಮಾತ್ರ ಅಪರಾಧವಾಗಿಯೇ ಉಳಿದಿತ್ತು. ಹೊಸ ಸಂಹಿತೆ ಬರೆಯುವಾಗ 377 ಅನ್ನು ಇಡಿಯಾಗಿ ಕೈಬಿಟ್ಟರು, ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ. ಒಪ್ಪಿಗೆ ಇಲ್ಲದ್ದಕ್ಕಾದರೂ ಅದನ್ನು ಉಳಿಸಿ ಅಂತ ಅದೇ ಸಂಸದೀಯ ಸಮಿತಿ ಹೇಳಿತ್ತು. 2024ರ ಜೂನ್ 30ರ ರಾತ್ರಿ ಆಗಿದ್ದರೆ ಹತ್ತು ವರ್ಷ, ಜೀವಾವಧಿಯೂ ಆಗಬಹುದಾಗಿದ್ದ ಅಪರಾಧಕ್ಕೆ ಜುಲೈ 1ರ ಬೆಳಗಿನಿಂದ ಹೆಸರೇ ಇಲ್ಲ.

ಠಾಣೆಯ ಸಾಹೇಬರು ಕೆಟ್ಟವರೇನಲ್ಲ. ಪುಸ್ತಕ ತಿರುವಿ ತಿರುವಿ ನೋಡಿ, "ರೇಪ್ ಅಂತ ಹಾಕೋಕಾಗಲ್ಲ ಸರ್" ಅಂದರು. ಹೊಡೆದದ್ದಕ್ಕೆ 115, ಕೂಡಿಹಾಕಿದ್ದಕ್ಕೆ 127, ಬೆದರಿಸಿದ್ದಕ್ಕೆ 351. ಎಲ್ಲಾ ಜಾಮೀನು ಸಿಗುವಂಥವು. ಆರೋಪಿ ಅವತ್ತೇ ಹೊರಗೆ ಬಂದ. ಮೆಟ್ಟಿಲು ಇಳಿಯುವಾಗ ಹುಡುಗ ಕೇಳಿದ: "ಹಂಗಾದ್ರ ನಾ ಹುಡುಗಿ ಆಗಿದ್ರ ಕೇಸ್ ಆಕ್ಕಿತ್ತೇನ್ರೀ?" ನಿನಗೆ ಉತ್ತರ ಕೊಡದೆ ಕೂತ ಹಾಗೇ ಅವನ ಮುಂದೆಯೂ ನಿಂತೆ.

ಆ ಹುಡುಗ ಹದಿನೆಂಟರ ಒಳಗಿದ್ದಿದ್ದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಇತ್ತು. ಅದಕ್ಕೆ ಗಂಡು ಮಗು, ಹೆಣ್ಣು ಮಗು ಅನ್ನುವ ಭೇದ ಇಲ್ಲ. ಆರೋಪಿ ಹೆಂಗಸಾಗಿದ್ದರೂ ಅದು ಅನ್ವಯಿಸುತ್ತದೆ ಅಂತ ನಮ್ಮ ಹೈಕೋರ್ಟೇ 2025ರಲ್ಲಿ ಹೇಳಿತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಸಚಿವಾಲಯದ 2007ರ ಅಧ್ಯಯನದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವು ಅಂದ ಮಕ್ಕಳಲ್ಲಿ ಶೇ 52.94ರಷ್ಟು ಗಂಡು ಮಕ್ಕಳು. ಹದಿನೆಂಟು ತುಂಬಿದ ರಾತ್ರಿಯೇ ಅವರ ಮೈ ಕಲ್ಲಾಗಿಬಿಡುತ್ತದೆಯೇ? ಲಿಂಗತ್ವ ಅಲ್ಪಸಂಖ್ಯಾತರ ವಿಷಯಕ್ಕೆ ಬಂದರೆ ಇನ್ನೂ ಹೊಟ್ಟೆ ಉರಿಯುತ್ತದೆ. ಅವರಿಗಾಗಿ ಮಾಡಿದ 2019ರ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಸಜೆ ಆರು ತಿಂಗಳಿಂದ ಎರಡು ವರ್ಷ. ಹೆಂಗಸಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠವೇ ಹತ್ತು ವರ್ಷ. ಸಿಗ್ನಲ್ಲಿನಲ್ಲಿ ನಿನ್ನ ಕಾರಿನ ಗಾಜು ತಟ್ಟುತ್ತಾರಲ್ಲ, ಅವರ ನೋವಿಗೆ ಇಷ್ಟೇ ಬೆಲೆ.

ಹಾಗಾದರೆ ಎಲ್ಲ ಕಡೆ "ಗಂಡಸು" ಅಳಿಸಿ "ಯಾರಾದರೂ" ಅಂತ ಬರೆದುಬಿಡಬೇಕಾ? ಇಲ್ಲಿ ನಾನು ನಿಧಾನಿಸುತ್ತೇನೆ. ದೆಹಲಿಯ ನಿರ್ಭಯಾ ಪ್ರಕರಣದ ನಂತರ ಕಾನೂನು ತಿದ್ದುಪಡಿಗೆ ಸಲಹೆ ಕೊಡಲು ಕೂತ ವರ್ಮಾ ಸಮಿತಿ 2013ರ ಜನವರಿಯಲ್ಲಿ, ಸಂತ್ರಸ್ತರು ಯಾರಾದರೂ ಆಗಿರಬಹುದು ಅಂತ ಒಪ್ಪಿಕೊಂಡು, ಆರೋಪಿಯ ಜಾಗದಲ್ಲಿ ಮಾತ್ರ ಗಂಡಸನ್ನು ಉಳಿಸಿತು. ಫೆಬ್ರುವರಿಯ ಸುಗ್ರೀವಾಜ್ಞೆ ಎರಡೂ ಕಡೆ ತಟಸ್ಥ ಮಾಡಿತು. ಮಹಿಳಾ ಸಂಘಟನೆಗಳು ವಿರೋಧಿಸಿದವು: ದೂರು ಕೊಟ್ಟವಳ ಮೇಲೇ ಪ್ರತಿದೂರು ಬೀಳುತ್ತದೆ ಅಂತ. ಆ ಭಯ ಸುಳ್ಳಲ್ಲ. ಕೊನೆಗೆ ಕಾಯ್ದೆಯಾದಾಗ ಎರಡೂ ಕಡೆ ಹಳೆಯದೇ ಉಳಿಯಿತು, ಆ ಎಳೆದಾಟದಲ್ಲಿ ನನ್ನ ರಾಯಚೂರಿನ ಹುಡುಗನಂಥವರ ಪಾಲೂ ಹೋಯಿತು. ನನ್ನ ಮಾತು ಇಷ್ಟು: 63 ಹೇಗಿದೆಯೋ ಹಾಗೇ ಇರಲಿ, ಹೆಂಗಸರು ಹೋರಾಡಿ ಗಳಿಸಿಕೊಂಡದ್ದರಲ್ಲಿ ಒಂದು ಅಕ್ಷರವೂ ಕಡಿಮೆಯಾಗಬಾರದು. ಅದರ ಪಕ್ಕದಲ್ಲೇ ಗಂಡಸರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಅಷ್ಟೇ ತೂಕದ ಇನ್ನೊಂದು ಸೆಕ್ಷನ್ ಬರಲಿ. ನಾಳೆಯೇ ಬರಲಿ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ನೀನು ನನಗೆ ಕಳಿಸುವ ವಿಡಿಯೊಗಳಲ್ಲಿ "ಇಬ್ಬರಿಗೂ ಒಂದೇ ಕಾನೂನು" ಅನ್ನುವವರು ಅದೇ 63ನೇ ಸೆಕ್ಷನ್ನಿನ ಕೊನೆಯ ಸಾಲಿನ ಬಗ್ಗೆ ಬಾಯಿ ಬಿಟ್ಟದ್ದನ್ನು ನಾನು ಕೇಳಿಲ್ಲ. ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ಬಲವಂತ ಮಾಡಿದರೆ ಅದು ಅತ್ಯಾಚಾರವಲ್ಲ ಅನ್ನುತ್ತದೆ ಆ ಸಾಲು.

ಹುಡುಗ ಬೆಂಗಳೂರು ಬಿಟ್ಟು ಊರಿಗೆ ಹೋಗಿದ್ದಾನೆ. ಕೇಸಿನ ದಿನ ರಾತ್ರಿ ಬಸ್ಸಿಗೆ ಬಂದು ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು ಫೋನ್ ಮಾಡುತ್ತಾನೆ. ಅವನ ಮುಂದಿನ ದಿನಾಂಕ 18. ನಿನ್ನದು 19, ಮೀಡಿಯೇಷನ್ನು. ಹತ್ತೂವರೆಗೆ ನ್ಯಾಯದೇಗುಲದ ಗೇಟಿನ ಹತ್ತಿರ ನಿಂತಿರುತ್ತೇನೆ. ಮಗಳ ಸ್ಕೂಲ್ ಫೀಸಿನ ರಸೀದಿ ತರುವುದು ಮರೆಯಬೇಡ, ತಿಂಡಿ ತಿಂದುಕೊಂಡೇ ಬಾ.

ನಿನ್ನವ